ಕೋರ್ಸ್ ಬಿಡುವ ಮುನ್ನ ಲೆಕ್ಕ ಹಾಕಿ: ಅಮೆರಿಕದ ಕಾಲೇಜಿನಲ್ಲಿ ಆರ್ಥಿಕ ನೆರವನ್ನು ಉಳಿಸಿಕೊಳ್ಳುವ ಬಗೆ

ಅಮೆರಿಕದ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗೆ ಫೆಡರಲ್ ಸರ್ಕಾರದ ಆರ್ಥಿಕ ನೆರವು ಒಮ್ಮೆ ಮಂಜೂರಾದರೆ, ಪ್ರತಿ ವರ್ಷ ಫಾಫ್ಸಾ ಎಂಬ ಫೆಡರಲ್ ನೆರವಿನ ಅರ್ಜಿ ತುಂಬುವುದೊಂದನ್ನು ಮರೆಯದಿದ್ದರೆ ಸಾಕು, ಪದವಿ ಮುಗಿಯುವವರೆಗೂ ನೆರವು ಬರುತ್ತಿರುತ್ತದೆ ಎಂದು ಅನೇಕರು ನಂಬಿರುತ್ತಾರೆ. ಅದು ಅರ್ಧ ಸತ್ಯ. ಫಾಫ್ಸಾ ಕುಟುಂಬದ ಆದಾಯವನ್ನು ನೋಡುತ್ತದೆ. ವಿದ್ಯಾರ್ಥಿಯ ಓದು ಪದವಿಯ ಕಡೆಗೆ ಸಾಗುತ್ತಿದೆಯೇ ಎಂಬುದನ್ನು ಕಾಲೇಜು ಬೇರೆಯಾಗಿಯೇ ನೋಡುತ್ತದೆ. ಈ ಎರಡನೆಯ ಪರೀಕ್ಷೆಯ ಹೆಸರು 'ಸ್ಯಾಟಿಸ್‌ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್', ಅಂದರೆ ತೃಪ್ತಿಕರ ಶೈಕ್ಷಣಿಕ ಪ್ರಗತಿ. ಕಾಲೇಜಿನ ಕಚೇರಿಗಳಲ್ಲಿ ಎಲ್ಲರೂ ಅದನ್ನು 'ಸ್ಯಾಪ್' ಎಂದೇ ಕರೆಯುವುದರಿಂದ ಇಲ್ಲಿಯೂ ಅದೇ ಹೆಸರನ್ನು ಬಳಸಿದ್ದೇನೆ.

ಸ್ಯಾಪ್‌ನ ಮೂಲ 1965ರ ಉನ್ನತ ಶಿಕ್ಷಣ ಕಾಯ್ದೆಯಲ್ಲಿದೆ. ಆ ಕಾಯ್ದೆಯ ನಾಲ್ಕನೇ ಭಾಗದ ಅಡಿ ಬರುವ ಪೆಲ್ ಗ್ರ್ಯಾಂಟ್ ಎಂಬ ಅನುದಾನ, ಓದಿನ ಜೊತೆ ಕೆಲಸ ಮಾಡಿ ಗಳಿಸುವ ವರ್ಕ್-ಸ್ಟಡಿ, ಡೈರೆಕ್ಟ್ ಲೋನ್, ತಂದೆತಾಯಿಗಳು ಪಡೆಯುವ ಪ್ಲಸ್ ಸಾಲ ಇವೆಲ್ಲಕ್ಕೂ ಇದು ಅನ್ವಯಿಸುತ್ತದೆ. ಸಾಲವನ್ನು ಹೇಗೂ ಬಡ್ಡಿಯೊಡನೆ ತೀರಿಸಬೇಕಾದ್ದರಿಂದ ಅದಕ್ಕೆ ಇಂತಹ ನಿಯಮ ಇರಲಾರದು ಎಂದು ಭಾವಿಸಬೇಡಿ; ಸ್ಯಾಪ್ ತಪ್ಪಿದರೆ ಅನುದಾನದ ಜೊತೆಗೆ ಸಾಲವೂ ನಿಲ್ಲುತ್ತದೆ. ಫೆಡರಲ್ ನಿಯಮಾವಳಿ ಹಾಕಿಕೊಡುವುದು ಚೌಕಟ್ಟನ್ನು ಮಾತ್ರ. ಅದರೊಳಗೆ ಪ್ರತಿ ಕಾಲೇಜೂ ತನ್ನದೇ ಲಿಖಿತ ಸ್ಯಾಪ್ ನೀತಿಯನ್ನು ರೂಪಿಸಿಕೊಂಡಿರುತ್ತದೆ. ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸವೆಂದರೆ ನಿಮ್ಮ ಕಾಲೇಜಿನ ಆರ್ಥಿಕ ನೆರವು ಕಚೇರಿಯ ಪುಟದಿಂದ ಆ ನೀತಿಯನ್ನು ಇಳಿಸಿಕೊಂಡು ಪೂರ್ತಿ ಓದುವುದು. ಗೆಳೆಯನ ಕಾಲೇಜಿನ ನೀತಿ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಮೂರು ಅಳತೆಗಳು

ಸ್ಯಾಪ್ ವಿದ್ಯಾರ್ಥಿಯನ್ನು ಮೂರು ಬಗೆಯಲ್ಲಿ ಅಳೆಯುತ್ತದೆ, ಮತ್ತು ಮೂರರಲ್ಲಿಯೂ ಪಾಸಾಗಬೇಕು. ಮೊದಲನೆಯದು ಎಲ್ಲರಿಗೂ ಗೊತ್ತಿರುವ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ. ಎರಡು ವರ್ಷಕ್ಕಿಂತ ದೀರ್ಘವಾದ ಪದವಿಯಲ್ಲಿ ಓದುತ್ತಿರುವ ವಿದ್ಯಾರ್ಥಿಯು ಎರಡನೆಯ ಶೈಕ್ಷಣಿಕ ವರ್ಷದ ಕೊನೆಗೆ ಕನಿಷ್ಠ 'ಸಿ' ಸರಾಸರಿಯನ್ನು, ಅಥವಾ ಕಾಲೇಜು ಪದವಿ ನೀಡಲು ಅಪೇಕ್ಷಿಸುವ ಮಟ್ಟಕ್ಕೆ ಹೊಂದುವ ಸ್ಥಾನವನ್ನು, ಪಡೆದಿರಬೇಕು ಎಂದು ಫೆಡರಲ್ ನಿಯಮ ಹೇಳುತ್ತದೆ. ಬಹುಪಾಲು ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಗೆ ಇದು 2.0 ಜಿಪಿಎ. ಕೆಲವು ಕಾಲೇಜುಗಳು ಮೊದಲ ವರ್ಷಕ್ಕೆ ಸ್ವಲ್ಪ ಕಡಿಮೆ ಮಿತಿಯಿಟ್ಟು ನಂತರ ಏರಿಸುತ್ತವೆ.

ಎರಡನೆಯದು ವೇಗ, ಕಾಲೇಜಿನ ಭಾಷೆಯಲ್ಲಿ 'ಪೇಸ್'. ಪ್ರತಿ ಕೋರ್ಸಿಗೂ ಅದರ ಭಾರಕ್ಕೆ ತಕ್ಕಷ್ಟು 'ಕ್ರೆಡಿಟ್' ಎಂಬ ಎಣಿಕೆ ಇರುತ್ತದೆ. ಕಾಲೇಜಿಗೆ ಸೇರಿದಂದಿನಿಂದ ಇಂದಿನವರೆಗೆ ನೀವು ಯಶಸ್ವಿಯಾಗಿ ಮುಗಿಸಿದ ಒಟ್ಟು ಕ್ರೆಡಿಟ್‌ಗಳನ್ನು ನೀವು ತೆಗೆದುಕೊಂಡ ಒಟ್ಟು ಕ್ರೆಡಿಟ್‌ಗಳಿಂದ ಭಾಗಿಸಿದರೆ ಬರುವ ಶೇಕಡಾವಾರು ಇದು, ಸಾಮಾನ್ಯವಾಗಿ ಶೇ. 67 ಇರಬೇಕು. ಮೂರನೆಯದು ಗರಿಷ್ಠ ಅವಧಿ: ಪದವಿಯ ಪ್ರಕಟಿತ ಅವಧಿಯ ಶೇ. 150ರೊಳಗೆ ಪದವಿಯನ್ನು ಮುಗಿಸಬೇಕು. 120 ಕ್ರೆಡಿಟ್‌ಗಳ ಪದವಿಯಾದರೆ 180 ಕ್ರೆಡಿಟ್‌ಗಳನ್ನು ತೆಗೆದುಕೊಳ್ಳುವುದರೊಳಗೆ ಅದು ಮುಗಿಯಬೇಕು. ಶೇ. 67 ಎಂಬ ಅಂಕಿ ಎಲ್ಲಿಂದ ಬಂತು ಎಂಬುದು ಇದರಿಂದಲೇ ತಿಳಿಯುತ್ತದೆ. 120ನ್ನು 180ರಿಂದ ಭಾಗಿಸಿದರೆ ಸಿಗುವುದು ಮೂರರಲ್ಲಿ ಎರಡು ಪಾಲು. ಸ್ನಾತಕೋತ್ತರ ವಿದ್ಯಾರ್ಥಿಗಳ ಗರಿಷ್ಠ ಅವಧಿಯನ್ನು ಆಯಾ ಕಾಲೇಜೇ ನಿಗದಿಪಡಿಸುತ್ತದೆ.

ಈ ಮೂರರಲ್ಲಿ ಜಿಪಿಎಯನ್ನು ವಿದ್ಯಾರ್ಥಿಗಳು ದಿನಾ ನೋಡುತ್ತಿರುತ್ತಾರೆ, ಗರಿಷ್ಠ ಅವಧಿ ದೂರದಲ್ಲಿರುತ್ತದೆ. ಯಾರೂ ಎಣಿಸದೆ ಬಿಡುವುದು ವೇಗವನ್ನು. 3.4 ಜಿಪಿಎ ಇರುವ ವಿದ್ಯಾರ್ಥಿಯೂ ನೆರವು ಕಳೆದುಕೊಳ್ಳಬಹುದು ಎಂದರೆ ಮನೆಯವರು ನಂಬುವುದಿಲ್ಲ. ಆದರೆ ಕಷ್ಟವೆನಿಸಿದ ಕೋರ್ಸುಗಳನ್ನೆಲ್ಲ ನಡುವೆ ಬಿಟ್ಟು, ಉಳಿದವುಗಳಲ್ಲಿ ಒಳ್ಳೆಯ ಗ್ರೇಡ್ ತೆಗೆದವರ ಸ್ಥಿತಿ ಹೀಗೇ ಆಗುತ್ತದೆ.

ಯಾವುದು ಎಣಿಕೆಗೆ ಬರುತ್ತದೆ

ಲೆಕ್ಕ ಹಾಕುವ ಮುನ್ನ ಯಾವ ಕೋರ್ಸ್ ಯಾವ ಕಡೆ ಸೇರುತ್ತದೆ ಎಂಬುದು ಸ್ಪಷ್ಟವಾಗಬೇಕು. ಸೆಮಿಸ್ಟರಿನ ಆರಂಭದ ಆಡ್-ಡ್ರಾಪ್ ಗಡುವಿನೊಳಗೆ ಕೈಬಿಟ್ಟ ಕೋರ್ಸ್ ಸಾಮಾನ್ಯವಾಗಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಆ ಗಡುವಿನ ನಂತರ ಬಿಟ್ಟರೆ ಅಂಕಪಟ್ಟಿಯಾದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ 'ಡಬ್ಲ್ಯು' (ವಿತ್‌ಡ್ರಾ, ಅಂದರೆ ನಡುವೆ ಬಿಟ್ಟದ್ದು) ಬೀಳುತ್ತದೆ. ಅದು ಜಿಪಿಎಗೆ ತಾಗುವುದಿಲ್ಲ, ಆದರೆ ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಎಣಿಕೆಯಾಗುತ್ತದೆ, ಮುಗಿಸಿದ್ದರಲ್ಲಿ ಆಗುವುದಿಲ್ಲ. 'ಎಫ್' ಎರಡೂ ಕಡೆ ಪೆಟ್ಟು ಕೊಡುತ್ತದೆ. 'ಇನ್‌ಕಂಪ್ಲೀಟ್' ಎಂದು ಉಳಿದ ಕೋರ್ಸ್ ಅಂತಿಮ ಗ್ರೇಡ್ ಬರುವವರೆಗೆ ಮುಗಿಸದ ಕೋರ್ಸೇ. ಗ್ರೇಡ್ ಬಂದ ಕೂಡಲೇ ಮರುಲೆಕ್ಕ ಹಾಕುವಂತೆ ಕಚೇರಿಗೆ ನೀವೇ ತಿಳಿಸುವುದು ಒಳ್ಳೆಯದು. ಪಾಸ್-ಫೇಲ್ ಪದ್ಧತಿಯಲ್ಲಿ ಪಾಸಾದ ಕೋರ್ಸ್ ಮುಗಿಸಿದ್ದರಲ್ಲಿ ಸೇರುತ್ತದೆ, ಜಿಪಿಎಯಲ್ಲಿ ಸೇರುವುದಿಲ್ಲ.

ಬೇರೆ ಕಾಲೇಜಿನಿಂದ ತಂದು ನಿಮ್ಮ ಕಾಲೇಜು ಅಂಗೀಕರಿಸಿದ ಕ್ರೆಡಿಟ್‌ಗಳು ಎರಡೂ ಕಡೆ, ಅಂದರೆ ತೆಗೆದುಕೊಂಡದ್ದರಲ್ಲಿಯೂ ಮುಗಿಸಿದ್ದರಲ್ಲಿಯೂ, ಎಣಿಕೆಯಾಗುತ್ತವೆ. ಹೀಗಾಗಿ ಬೇಸಿಗೆಯಲ್ಲಿ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ಕೋರ್ಸ್ ಮುಗಿಸಿ ಕ್ರೆಡಿಟ್ ವರ್ಗಾಯಿಸಿಕೊಂಡರೆ ವೇಗ ಏರುತ್ತದೆ. ಆದರೆ ಅಲ್ಲಿನ ಗ್ರೇಡನ್ನು ಎಷ್ಟೋ ಕಾಲೇಜುಗಳು ತಮ್ಮ ಜಿಪಿಎಗೆ ಸೇರಿಸುವುದಿಲ್ಲ. ಜಿಪಿಎ ಬಿದ್ದಿರುವವರಿಗೆ ಈ ದಾರಿ ಉಪಯೋಗವಾಗದಿರಬಹುದು.

ಅನುತ್ತೀರ್ಣವಾದ ಕೋರ್ಸನ್ನು ಪಾಸಾಗುವವರೆಗೆ ನೆರವಿನ ಹಣದಲ್ಲಿ ಮತ್ತೆ ತೆಗೆದುಕೊಳ್ಳಲು ಫೆಡರಲ್ ನಿಯಮ ಬಿಡುತ್ತದೆ. ಪಾಸಾದ ಕೋರ್ಸನ್ನು ಒಳ್ಳೆಯ ಗ್ರೇಡಿಗಾಗಿ ಮತ್ತೆ ಓದುವುದಾದರೆ ಒಂದು ಸಲಕ್ಕೆ ಮಾತ್ರ ನೆರವು ಸಿಗುತ್ತದೆ. ಎರಡೂ ಸಂದರ್ಭಗಳಲ್ಲಿ ಪ್ರತಿ ಪ್ರಯತ್ನವೂ ತೆಗೆದುಕೊಂಡ ಕ್ರೆಡಿಟ್‌ಗೆ ಸೇರುತ್ತದೆ. ಹಳೆಯ ಕೆಟ್ಟ ಗ್ರೇಡುಗಳನ್ನು ಮನ್ನಾ ಮಾಡುವ 'ಅಕಾಡೆಮಿಕ್ ರಿನ್ಯೂವಲ್' ಸೌಲಭ್ಯ ನಿಮ್ಮ ಕಾಲೇಜಿನಲ್ಲಿದ್ದರೂ ಫೆಡರಲ್ ನೆರವಿನ ನಿಯಮ ಅದನ್ನು ಒಪ್ಪುವುದಿಲ್ಲ. ಟ್ರಾನ್ಸ್‌ಕ್ರಿಪ್ಟ್ ಹಸನಾದರೂ ಸ್ಯಾಪ್‌ನ ಲೆಕ್ಕದಲ್ಲಿ ಆ ಕೋರ್ಸುಗಳು ಉಳಿದೇ ಇರುತ್ತವೆ. ನೆರವು ಪಡೆಯದೆ, ಸ್ವಂತ ಹಣದಿಂದ ಓದಿದ ಸೆಮಿಸ್ಟರುಗಳೂ ಎಣಿಕೆಗೆ ಬರುತ್ತವೆ ಎಂಬುದು ಹಲವರಿಗೆ ಅನ್ಯಾಯವೆನಿಸುತ್ತದೆ. ಪ್ರಗತಿಯನ್ನು ಅಳೆಯುವುದು ಹಣದ ಮೂಲವನ್ನು ನೋಡಿ ಅಲ್ಲ, ಓದನ್ನು ನೋಡಿ ಎಂಬುದು ನಿಯಮದ ತರ್ಕ.

ಲೆಕ್ಕವನ್ನು ನೀವೇ ಹಾಕುವುದು

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಿದ್ಯಾರ್ಥಿನಿಯೊಬ್ಬಳು ಮೊದಲ ಸೆಮಿಸ್ಟರಿನಲ್ಲಿ 15 ಕ್ರೆಡಿಟ್ ತೆಗೆದುಕೊಂಡು 3 ಕ್ರೆಡಿಟ್‌ನ ಒಂದು ಕೋರ್ಸಿನಲ್ಲಿ ಅನುತ್ತೀರ್ಣಳಾಗಿ 12 ಮುಗಿಸಿದಳು. ವೇಗ ಶೇ. 80. ಎರಡನೆಯ ಸೆಮಿಸ್ಟರಿನಲ್ಲಿ ಮತ್ತೆ 15 ತೆಗೆದುಕೊಂಡು, ಎರಡು ಕೋರ್ಸುಗಳನ್ನು ನಡುವೆ ಬಿಟ್ಟು, ಒಂದರಲ್ಲಿ ಅನುತ್ತೀರ್ಣಳಾಗಿ, 6 ಕ್ರೆಡಿಟ್ ಮಾತ್ರ ಮುಗಿಸಿದಳು. ಈಗ ಒಟ್ಟು 30ಕ್ಕೆ 18, ಅಂದರೆ ಶೇ. 60.

ಆಕೆ ಇದನ್ನು ಸರಿಪಡಿಸಲು ಎಷ್ಟು ಕ್ರೆಡಿಟ್ ಬೇಕು? ಇದಕ್ಕೊಂದು ಸುಲಭವಾದ ಸೂತ್ರವಿದೆ. ತೆಗೆದುಕೊಂಡ ಕ್ರೆಡಿಟ್‌ಗಳ ಎರಡರಷ್ಟರಿಂದ ಮುಗಿಸಿದ ಕ್ರೆಡಿಟ್‌ಗಳ ಮೂರರಷ್ಟನ್ನು ಕಳೆಯಿರಿ. ಬಂದಷ್ಟು ಕ್ರೆಡಿಟ್‌ಗಳನ್ನು ಒಂದೂ ಬಿಡದೆ, ಒಂದರಲ್ಲಿಯೂ ಸೋಲದೆ ಮುಗಿಸಿದರೆ ವೇಗ ಮೂರರಲ್ಲಿ ಎರಡು ಪಾಲಿಗೆ ಬರುತ್ತದೆ. ಇಲ್ಲಿ 60ರಿಂದ 54 ಕಳೆದರೆ 6. ಪರಿಶೀಲಿಸಿ ನೋಡಿ: 36ಕ್ಕೆ 24, ಶೇ. 66.67. ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಕಾಲೇಜುಗಳ ನೀತಿ 66.67 ಎಂದಿರುತ್ತದೆ, ಕೆಲವದು 67 ಎಂದಿದ್ದು 66.5ಕ್ಕಿಂತ ಮೇಲಿನದನ್ನು ಮೇಲಕ್ಕೆ ದುಂಡಾಗಿಸುತ್ತದೆ, ಇನ್ನು ಕೆಲವದು ಕಟ್ಟುನಿಟ್ಟಾಗಿ 67ನ್ನೇ ಕೇಳುತ್ತದೆ. ಕೊನೆಯ ಬಗೆಯ ಕಾಲೇಜಿನಲ್ಲಿ ಈ ವಿದ್ಯಾರ್ಥಿನಿಗೆ 6 ಸಾಲದು. ಆದ್ದರಿಂದ ಅಂಚಿನಲ್ಲಿರುವವರು ದಶಾಂಶದ ನಿಯಮವನ್ನೂ ಕೇಳಿ ತಿಳಿದುಕೊಳ್ಳಬೇಕು.

ಇದೇ ಸ್ಥಿತಿಯಲ್ಲಿ ಮುಂದಿನ ಸೆಮಿಸ್ಟರಿಗೆ ಎಷ್ಟು ಕ್ರೆಡಿಟ್ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಬರುತ್ತದೆ. ಬೇಗ ಸರಿದೂಗಿಸುವ ಆತುರದಲ್ಲಿ 15 ತೆಗೆದುಕೊಂಡು ನಡುವೆ ಒಂದು ಕೋರ್ಸ್ ಬಿಟ್ಟರೆ 45ಕ್ಕೆ 30, ಶೇ. 66.67, ಮತ್ತೆ ಅಂಚಿನಲ್ಲಿಯೇ. ಮೊದಲಿನಿಂದಲೇ 12 ತೆಗೆದುಕೊಂಡು ಹನ್ನೆರಡನ್ನೂ ಮುಗಿಸಿದರೆ 42ಕ್ಕೆ 30, ಶೇ. 71.4. ಕಲಿತದ್ದು ಎರಡರಲ್ಲಿಯೂ ಅಷ್ಟೇ. ಪದವಿ ವಿದ್ಯಾರ್ಥಿಗೆ 12 ಕ್ರೆಡಿಟ್ ಎಂದರೆ ಪೂರ್ಣಾವಧಿ ನೋಂದಣಿಯೇ ಆದ್ದರಿಂದ, ಕೆಳಗೆ ಬಿದ್ದಿರುವವರಿಗೆ ನನ್ನ ಸಲಹೆ ಯಾವಾಗಲೂ ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂಬುದೇ.

ಜಿಪಿಎಗೂ ಹೀಗೆಯೇ ಲೆಕ್ಕ ಹಾಕಬಹುದು. 30 ಕ್ರೆಡಿಟ್‌ಗಳಿಗೆ 1.6 ಜಿಪಿಎ ಎಂದರೆ ಕೈಯಲ್ಲಿ 48 ಗ್ರೇಡ್ ಪಾಯಿಂಟ್‌ಗಳಿವೆ. ಇನ್ನು 15 ಕ್ರೆಡಿಟ್ ಸೇರಿ 45 ಆದಾಗ 2.0 ಬರಬೇಕಾದರೆ 90 ಪಾಯಿಂಟ್ ಬೇಕು. ಅಂದರೆ ಬರುವ ಸೆಮಿಸ್ಟರಿನಲ್ಲಿ 42 ಗಳಿಸಬೇಕು, ಸರಾಸರಿ 2.8. ಇದು ಆಗದ ಮಾತಲ್ಲ, ಆದರೆ ಬರಿಯ ಪಾಸು ಸಾಲದು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಎರಡು ಲೆಕ್ಕಗಳನ್ನೂ ಒಟ್ಟಿಗಿಟ್ಟುಕೊಂಡರೆ, ಕಷ್ಟದ ಕೋರ್ಸನ್ನು ಬಿಡಬೇಕೇ ಬೇಡವೇ ಎಂಬ ನಿರ್ಧಾರ ಸುಲಭವಾಗುತ್ತದೆ. ವೇಗ ಶೇ. 90 ಇದ್ದು ಜಿಪಿಎ 2.05ರಲ್ಲಿ ತೂಗಾಡುತ್ತಿದ್ದರೆ, 'ಎಫ್' ಖಚಿತವೆನಿಸಿದ ಕೋರ್ಸನ್ನು ಬಿಟ್ಟು 'ಡಬ್ಲ್ಯು' ತೆಗೆದುಕೊಳ್ಳುವುದು ವಿವೇಕ. ಜಿಪಿಎ 3.2 ಇದ್ದು ವೇಗ ಶೇ. 68 ಇದ್ದರೆ ಬಿಡದೆ ಕಚ್ಚಿ ಹಿಡಿದು 'ಡಿ' ಬಂದರೂ ಮುಗಿಸುವುದು ಲೇಸು, ಏಕೆಂದರೆ 'ಡಿ' ಸಾಮಾನ್ಯವಾಗಿ ಮುಗಿಸಿದ ಕೋರ್ಸೇ. ಅದು ನಿಮ್ಮ ಮುಖ್ಯ ವಿಷಯಕ್ಕೆ ಸಲ್ಲದಿರಬಹುದು ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಬಿಟ್ಟ ಮೇಲೆ ನೋಂದಣಿ ಅರ್ಧಾವಧಿಗಿಂತ ಕೆಳಗಿಳಿದರೆ ಡೈರೆಕ್ಟ್ ಲೋನ್‌ಗೆ ಅರ್ಹತೆ ಹೋಗುತ್ತದೆ ಎಂಬುದೂ ನೆನಪಿರಲಿ.

ಎಲ್ಲ ಕೋರ್ಸುಗಳನ್ನೂ ಬಿಟ್ಟು ಮನೆಗೆ ಹೋಗುವುದು ಬೇರೆಯೇ ಸಂಗತಿ. ಸೆಮಿಸ್ಟರಿನ ಶೇ. 60 ಭಾಗ ಕಳೆಯುವ ಮುನ್ನ ಹಾಗೆ ಮಾಡಿದರೆ, ಹಾಜರಿದ್ದ ದಿನಗಳಿಗೆ ತಕ್ಕಷ್ಟು ನೆರವನ್ನು ಮಾತ್ರ ನೀವು ಗಳಿಸಿದಿರೆಂದು ಎಣಿಸಿ ಉಳಿದದ್ದನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕಾಗುತ್ತದೆ. ಇದರಿಂದ ಕಾಲೇಜಿಗೆ ಬಾಕಿ ಉಳಿಯಬಹುದು. ಆ ನಿಯಮ ಸ್ಯಾಪ್ ಅಲ್ಲ, ಆದರೆ ಆ ಸೆಮಿಸ್ಟರಿನ 'ಡಬ್ಲ್ಯು'ಗಳೆಲ್ಲ ಸ್ಯಾಪ್‌ಗೂ ಸೇರುವುದರಿಂದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ.

ಗರಿಷ್ಠ ಅವಧಿಯ ಅಪಾಯ ಹೆಚ್ಚಾಗಿ ಕಾಡುವುದು ವಿಷಯ ಬದಲಿಸಿದವರನ್ನು. 120 ಕ್ರೆಡಿಟ್‌ಗಳ ಪದವಿಯಲ್ಲಿ ಒಬ್ಬನು 140 ತೆಗೆದುಕೊಂಡು 95 ಮುಗಿಸಿದ್ದಾನೆ ಎನ್ನಿ. ವೇಗ ಶೇ. 67.9, ತೊಂದರೆಯಿಲ್ಲ. ಆದರೆ ಹೊಸ ವಿಷಯಕ್ಕೆ ಆ 95ರಲ್ಲಿ 75 ಮಾತ್ರ ಸಲ್ಲುವುದಾದರೆ ಇನ್ನೂ 45 ಬೇಕು. 140ಕ್ಕೆ 45 ಸೇರಿದರೆ 185. ಮಿತಿ 180. ಮಿತಿಯೊಳಗೆ ಮುಗಿಸುವುದು ಗಣಿತದ ಪ್ರಕಾರ ಅಸಾಧ್ಯ ಎಂದು ಕಂಡ ಕೂಡಲೇ ಅರ್ಹತೆ ನಿಲ್ಲುತ್ತದೆ, 180 ತಲುಪುವವರೆಗೆ ಕಾಯುವುದಿಲ್ಲ. ವಿಷಯ ಬದಲಿಸಿದಾಗ ಹೊಸ ಪದವಿಗೆ ಸಲ್ಲದ ಹಳೆಯ ಕ್ರೆಡಿಟ್‌ಗಳನ್ನು ಲೆಕ್ಕದಿಂದ ಕೈಬಿಡಲು ಕಾಲೇಜುಗಳಿಗೆ ಅವಕಾಶವಿದೆ. ನಿಮ್ಮ ಕಾಲೇಜು ಹಾಗೆ ಮಾಡುತ್ತದೆಯೇ, ಎಷ್ಟು ಸಲ ಮಾಡುತ್ತದೆ ಎಂಬುದನ್ನು ವಿಷಯ ಬದಲಿಸುವ ಅರ್ಜಿಗೆ ಸಹಿ ಹಾಕುವ ಮುನ್ನವೇ ಕೇಳಿ.

ಪತ್ರ ಬಂದಾಗ

ಕಾಲೇಜು ಪ್ರತಿ ಸೆಮಿಸ್ಟರಿನ ಕೊನೆಗೆ ಸ್ಯಾಪ್ ನೋಡುತ್ತದೆಯೋ ವರ್ಷಕ್ಕೊಮ್ಮೆ ನೋಡುತ್ತದೆಯೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಪ್ರತಿ ಸೆಮಿಸ್ಟರಿಗೂ ನೋಡುವ ಕಾಲೇಜಿಗೆ 'ವಾರ್ನಿಂಗ್' ಕೊಡುವ ಅಧಿಕಾರವಿದೆ: ಮೊದಲ ಸಲ ತಪ್ಪಿದ ವಿದ್ಯಾರ್ಥಿಗೆ ಯಾವ ಮೇಲ್ಮನವಿಯೂ ಇಲ್ಲದೆ ಇನ್ನೊಂದು ಸೆಮಿಸ್ಟರಿಗೆ ನೆರವು ಸಿಗುತ್ತದೆ. ಸಾಲಾಗಿ ಎರಡು ವಾರ್ನಿಂಗ್ ಇಲ್ಲ. ವರ್ಷಕ್ಕೊಮ್ಮೆ ನೋಡುವ ಕಾಲೇಜಿನಲ್ಲಿ ವಾರ್ನಿಂಗ್ ಎಂಬುದೇ ಇಲ್ಲ; ತಪ್ಪಿದರೆ ನೆರವು ನೇರವಾಗಿ ನಿಲ್ಲುತ್ತದೆ. ಅಂತಹ ಕಾಲೇಜಿನಲ್ಲಿ ಓದುವವರು ಶರತ್ಕಾಲದ ಸೆಮಿಸ್ಟರ್ ಕೆಟ್ಟರೆ ವಸಂತದ ಸೆಮಿಸ್ಟರಿಗೆ ನೋಂದಾಯಿಸುವಾಗಲೇ ಎಚ್ಚರ ವಹಿಸಬೇಕು, ಏಕೆಂದರೆ ಅವರನ್ನು ಎಚ್ಚರಿಸುವ ಪತ್ರ ಬರುವುದಿಲ್ಲ.

ಪತ್ರ ಬರುವುದು ವಿದ್ಯಾರ್ಥಿಗೆ, ಬಹುತೇಕ ಕಾಲೇಜಿನ ಇಮೇಲ್‌ಗೆ. 1974ರ ಫೆರ್ಪಾ ಕಾಯ್ದೆಯ ಪ್ರಕಾರ ಕಾಲೇಜು ಸೇರಿದ ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಗಳ ಹಕ್ಕು ಆ ವಿದ್ಯಾರ್ಥಿಯದೇ ಆದ್ದರಿಂದ, ಶುಲ್ಕ ಕಟ್ಟುತ್ತಿರುವ ತಂದೆತಾಯಿಗಳಿಗೆ ತಾನಾಗಿ ಏನೂ ತಿಳಿಯದಿರಬಹುದು. ಮಕ್ಕಳು ಹೇಳಿಕೊಳ್ಳುವ ವಾತಾವರಣ ಮನೆಯಲ್ಲಿಲ್ಲದಿದ್ದರೆ ವಿಷಯ ಹೊರಬೀಳುವುದು ಶುಲ್ಕದ ಬಿಲ್ ಬಂದ ಮೇಲೆ, ಅಷ್ಟರಲ್ಲಿ ಮೇಲ್ಮನವಿಯ ಗಡುವು ದಾಟಿರುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕು. ಡೀನ್ ಕಚೇರಿಯ 'ಅಕಾಡೆಮಿಕ್ ಪ್ರೊಬೇಷನ್' ಬೇರೆ, ಆರ್ಥಿಕ ನೆರವು ಕಚೇರಿಯ 'ಪ್ರೊಬೇಷನ್' ಬೇರೆ. ಒಂದು ನೀವು ತರಗತಿಯಲ್ಲಿ ಉಳಿಯಬಹುದೇ ಎಂಬುದನ್ನು ಹೇಳುತ್ತದೆ, ಇನ್ನೊಂದು ನೆರವಿನ ಹಣ ಬರುತ್ತದೆಯೇ ಎಂಬುದನ್ನು. ಡೀನ್ ಮನವಿಯನ್ನು ಒಪ್ಪಿದರೆಂದ ಮಾತ್ರಕ್ಕೆ ನೆರವು ಮರಳುವುದಿಲ್ಲ. ಎರಡು ಕಚೇರಿಗೂ ಎರಡು ಅರ್ಜಿ ಬೇಕಾಗಬಹುದು.

ಮೇಲ್ಮನವಿ ಬರೆಯುವುದು

ಮೇಲ್ಮನವಿಗೆ ಅವಕಾಶ ಕೊಡಲೇಬೇಕೆಂದು ಫೆಡರಲ್ ನಿಯಮ ಕಾಲೇಜುಗಳನ್ನು ಒತ್ತಾಯಿಸುವುದಿಲ್ಲ, ಆದರೆ ಅನೇಕ ಕಾಲೇಜುಗಳು ಕೊಡುತ್ತವೆ. ಆಧಾರಗಳು ಇವು: ಸಂಬಂಧಿಕರ ಮರಣ, ವಿದ್ಯಾರ್ಥಿಯ ಕಾಯಿಲೆ ಅಥವಾ ಗಾಯ, ಅಥವಾ ಇತರ ವಿಶೇಷ ಸಂದರ್ಭಗಳು. ಮೂರನೆಯದು ಅಗಲವಾದ ಬಾಗಿಲು. ಮಾನಸಿಕ ಆರೋಗ್ಯ, ಮನೆಯವರ ಉದ್ಯೋಗ ಹೋದದ್ದು, ವಾಸಕ್ಕೆ ಮನೆಯಿಲ್ಲದಂತಾದದ್ದು ಇಂತಹವನ್ನು ಅದರಡಿ ಬರೆಯಬಹುದು.

ನಿಯಮ ಕೇಳುವುದು ಎರಡು ಸಂಗತಿಗಳನ್ನು. ಪ್ರಗತಿ ಏಕೆ ತಪ್ಪಿತು, ಮತ್ತು ಮುಂದಿನ ಮೌಲ್ಯಮಾಪನದಲ್ಲಿ ತಪ್ಪದಂತೆ ಈಗ ಏನು ಬದಲಾಗಿದೆ. ಬಹಳಷ್ಟು ಪತ್ರಗಳು ಮೊದಲನೆಯದಕ್ಕೆ ಎರಡು ಪುಟ, ಎರಡನೆಯದಕ್ಕೆ ಒಂದು ಸಾಲು ಕೊಡುತ್ತವೆ. ಅದನ್ನು ತಲೆಕೆಳಗು ಮಾಡಿ. ಸಂಕಟವನ್ನು ದಿನಾಂಕಗಳೊಡನೆ ಒಂದು ಪ್ಯಾರಾದಲ್ಲಿ ಹೇಳಿ: ಯಾವ ತಿಂಗಳು ಏನಾಯಿತು, ಅದರಿಂದ ಯಾವ ಕೋರ್ಸಿಗೆ ತೊಂದರೆಯಾಯಿತು. ಪತ್ರದಲ್ಲಿ ಹೇಳಿದ ದಿನಾಂಕಗಳೂ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕೆಟ್ಟ ಸೆಮಿಸ್ಟರೂ ಹೊಂದಿಕೆಯಾಗದಿದ್ದರೆ ಓದುವವರಿಗೆ ಸಂಶಯ ಬರುತ್ತದೆ. ಎರಡು ಸೆಮಿಸ್ಟರ್ ಕೆಟ್ಟಿದ್ದರೆ ಎರಡನ್ನೂ ವಿವರಿಸಿ, ಒಂದನ್ನು ಹೇಳಿ ಇನ್ನೊಂದನ್ನು ಮರೆಯಬೇಡಿ. ಆಮೇಲೆ ಬದಲಾವಣೆಯನ್ನು ವಿವರವಾಗಿ ಬರೆಯಿರಿ. 'ಇನ್ನು ಮುಂದೆ ಶ್ರಮಪಟ್ಟು ಓದುತ್ತೇನೆ' ಎಂಬುದು ಬದಲಾವಣೆಯಲ್ಲ, ಸಂಕಲ್ಪ. 'ವಾರಕ್ಕೆ 30 ಗಂಟೆ ಇದ್ದ ಕೆಲಸವನ್ನು 12ಕ್ಕೆ ಇಳಿಸಿದ್ದೇನೆ. ಗಣಿತಕ್ಕೆ ಟ್ಯೂಟರಿಂಗ್ ಕೇಂದ್ರದಲ್ಲಿ ವಾರಕ್ಕೆರಡು ದಿನ ಹೆಸರು ಬರೆಸಿದ್ದೇನೆ. ಈ ಸೆಮಿಸ್ಟರಿಗೆ 12 ಕ್ರೆಡಿಟ್ ಮಾತ್ರ ತೆಗೆದುಕೊಂಡಿದ್ದೇನೆ' ಎಂಬುದು ಬದಲಾವಣೆ.

ಹೇಳಿದ್ದಕ್ಕೆಲ್ಲ ದಾಖಲೆ ಲಗತ್ತಿಸಿ: ವೈದ್ಯರ ಪತ್ರ, ಮರಣ ಪ್ರಮಾಣಪತ್ರ, ಕೆಲಸದ ಹೊಸ ವೇಳಾಪಟ್ಟಿ, ಸಲಹೆಗಾರರ ಸಹಿಯಿರುವ ಓದಿನ ಯೋಜನೆ. ಸಂಬಂಧಿಕರ ಮರಣ ಬೇರೆ ದೇಶದಲ್ಲಿ ಆಗಿದ್ದು ಪ್ರಮಾಣಪತ್ರ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಭಾಷಾಂತರವನ್ನೂ ಜೊತೆಗಿಡಿ. ಪ್ರಾಧ್ಯಾಪಕರ ಮೇಲೆ ದೂರು ಬರೆಯಲು ಇದು ಜಾಗವಲ್ಲ. ಪತ್ರವನ್ನು ವಿದ್ಯಾರ್ಥಿಯೇ ಬರೆಯಬೇಕು. ತಂದೆಯ ಕೈಬರಹದ ಗಾಂಭೀರ್ಯ ಎರಡನೆಯ ಸಾಲಿಗೇ ಗೊತ್ತಾಗುತ್ತದೆ.

ಮನವಿ ಅಂಗೀಕಾರವಾದರೆ ವಿದ್ಯಾರ್ಥಿ 'ಪ್ರೊಬೇಷನ್'ನಲ್ಲಿರುತ್ತಾನೆ. ಒಂದು ಸೆಮಿಸ್ಟರಿಗೆ ನೆರವು ಸಿಗುತ್ತದೆ, ಅದರ ಕೊನೆಗೆ ಮೂರೂ ಅಳತೆಗಳು ಸರಿಯಾಗಿರಬೇಕು. ಒಂದೇ ಸೆಮಿಸ್ಟರಿನಲ್ಲಿ ಅದು ಸಾಧ್ಯವಿಲ್ಲದಿದ್ದರೆ ಕಾಲೇಜು 'ಅಕಾಡೆಮಿಕ್ ಪ್ಲಾನ್' ಹಾಕಿಕೊಡುತ್ತದೆ, ಮತ್ತು ಆ ಯೋಜನೆಯ ಷರತ್ತುಗಳನ್ನು ಪಾಲಿಸುವವರೆಗೆ ನೆರವು ಮುಂದುವರಿಯುತ್ತದೆ. ಮೇಲೆ ಹೇಳಿದ ಸೂತ್ರದ ಉಪಯೋಗ ಇಲ್ಲಿಯೂ ಇದೆ: 60 ತೆಗೆದುಕೊಂಡು 36 ಮುಗಿಸಿದವನಿಗೆ 12 ಬೇಕು, ಒಂದು ಸೆಮಿಸ್ಟರ್ ಸಾಕು, 60ಕ್ಕೆ 30 ಮುಗಿಸಿದವನಿಗೆ 30 ಬೇಕು, ಯೋಜನೆಯಿಲ್ಲದೆ ಆಗದು. ಈ ಲೆಕ್ಕವನ್ನು ಪತ್ರದಲ್ಲಿಯೇ ಬರೆದು ಯೋಜನೆಯನ್ನು ನೀವೇ ಕೇಳಿದರೆ ಕಚೇರಿಯ ಕೆಲಸ ಹಗುರವಾಗುತ್ತದೆ.

ತಿರಸ್ಕೃತವಾದರೆ ಶಿಕ್ಷಣ ಇಲಾಖೆಗೆ ಹೋಗಲು ದಾರಿಯಿಲ್ಲ. ಕಾಲೇಜಿನ ನಿರ್ಧಾರವೇ ಕೊನೆಯದು. ಆಗ ಉಳಿಯುವುದು ಸ್ವಂತ ಖರ್ಚಿನಲ್ಲಿ ಓದಿ ಅಳತೆಗಳನ್ನು ಮತ್ತೆ ಮುಟ್ಟುವುದು. ಒಂದು ವರ್ಷ ಮನೆಯಲ್ಲಿ ಕುಳಿತು ಮರಳಿದರೆ ಅರ್ಹತೆ ತಾನಾಗಿ ಬರುವುದಿಲ್ಲ, ಏಕೆಂದರೆ ಭಾಗಾಕಾರದ ಅಂಕಿಗಳು ಬಿಟ್ಟಲ್ಲಿಯೇ ನಿಂತಿರುತ್ತವೆ. ಖಾಸಗಿ ಸಾಲದಾತರಲ್ಲಿ ಕೆಲವರು ಸ್ಯಾಪ್ ಕೇಳುವುದಿಲ್ಲ. ಆದರೆ ಫೆಡರಲ್ ಸಾಲದ ರಕ್ಷಣೆಗಳು ಅಲ್ಲಿಲ್ಲದ ಕಾರಣ ಅದನ್ನು ಕೊನೆಯ ಉಪಾಯವಾಗಿ ಮಾತ್ರ ನೋಡಿ.

ರಾಜ್ಯ ಸರ್ಕಾರದ ಮತ್ತು ಕಾಲೇಜಿನ ಸ್ವಂತ ವಿದ್ಯಾರ್ಥಿವೇತನಗಳ ಷರತ್ತುಗಳು ಇದಕ್ಕಿಂತ ಬಿಗಿಯಾಗಿರಬಹುದು. ಜಾರ್ಜಿಯಾದ ಹೋಪ್ ವಿದ್ಯಾರ್ಥಿವೇತನಕ್ಕೆ 30, 60 ಮತ್ತು 90 ಕ್ರೆಡಿಟ್‌ಗಳ ಹಂತಗಳಲ್ಲಿ 3.0 ಜಿಪಿಎ ಬೇಕು. ಆದ್ದರಿಂದ ನಿಮಗೆ ಬರುವ ಪ್ರತಿಯೊಂದು ಹಣದ ಹೆಸರು, ಅದು ಕೇಳುವ ಜಿಪಿಎ, ಕೇಳುವ ಕ್ರೆಡಿಟ್ ಮತ್ತು ಪರಿಶೀಲನೆಯ ತಿಂಗಳು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಡ್ರಾಪ್ ಗುಂಡಿ ಒತ್ತುವ ಪ್ರತಿ ಸಲವೂ ಆ ಹಾಳೆಯನ್ನು ತೆರೆದು ನೋಡಿ.